ಶಿಷ್ಯರೇ ಇಲ್ಲದ ಗುರುಗಳಿಗೆ ಒಂದು ದೂರು

ಶ್ರೀಯುತ ಯೊಹಾನೆಸ್ ವರ್ಮೀರ್ ಅವರಿಗೆ,
ಡೆಲ್ಫ್ಟ್, ಹಾಲೆಂಡ್.

ಮಾನ್ಯರೇ,

ತಮಗೆ ಚಿತ್ರ ಕಲಿಸಿದವರು ಯಾರೆಂಬುದಕ್ಕೆ ದಾಖಲೆಯಿಲ್ಲ. ತಾವು ಯಾರಿಗಾದರೂ ಕಲಿಸಿದಿರಿ ಎನ್ನುವುದಕ್ಕೂ ಇಲ್ಲ. 1675ರಲ್ಲಿ, 43ರ ವಯಸ್ಸಿಗೇ, ಹೆಂಡತಿಯ ತಲೆಗೆ ಸಾಲ ಹೊರಿಸಿ ಹೊರಟುಹೋದಿರಿ. ಈಗ ನೋಡಿದರೆ ಲೋಕದ ತುಂಬ ತಮ್ಮ ಶಿಷ್ಯರೇ. ತೈಲವರ್ಣದಲ್ಲಿ ಮುಖ ಬರೆಯುವುದನ್ನು ಕಲಿಯಬೇಕೇ? ತಮ್ಮ 'ಮುತ್ತಿನ ಓಲೆಯ ಹುಡುಗಿ'ಯನ್ನು ನಕಲು ಮಾಡಿ, ಒಂದೇ ಮುಖ, ಕಪ್ಪು ಹಿನ್ನೆಲೆ, ಬಲು ಸುಲಭ ಎನ್ನುತ್ತಾರೆ. ಆ ಸುಲಭದ ಮೇಲೇ ನನ್ನ ದೂರು.

ಆ ಹಿನ್ನೆಲೆ ಕಪ್ಪೇ ಅಲ್ಲವಂತೆ! ಹೇಗ್ ನಗರದ ಮಾರಿತ್ಸ್‌ಹೌಸ್ ಸಂಗ್ರಹಾಲಯದವರು 2018ರಲ್ಲಿ ಯಂತ್ರಗಳನ್ನಿಟ್ಟು ತಪಾಸಣೆ ಮಾಡಿದಾಗ ಅಲ್ಲೊಂದು ಹಸಿರು ಪರದೆ ಸಿಕ್ಕಿತು, ಮಡಿಕೆಗಳ ಸಮೇತ. ನೀಲಿ ಗಿಡದ ಬಣ್ಣಕ್ಕೆ ಇನ್ನೊಂದು ಗಿಡದ ಹಳದಿ ಬೆರೆಸಿ ತಾವು ತೆಳ್ಳಗೆ ಹಚ್ಚಿದ್ದ ಹಸಿರು ಕಾಲಕ್ರಮದಲ್ಲಿ ಮಾಸಿಹೋಗಿದೆ. ಅಂದರೆ ನಾವೆಲ್ಲ ಭಯಭಕ್ತಿಯಿಂದ ನಕಲು ಮಾಡುತ್ತಿರುವುದು 350 ವರ್ಷಗಳ ಸವಕಳಿಯನ್ನು.

ಬಣ್ಣಗಳ ವಿಷಯ ಬೇಡವೇ ಬೇಡ. ತಮ್ಮ ಸೀಸದ ಬಿಳಿ ವಿಷವೆಂದು ಅಂಗಡಿಯವರು ಟೈಟಾನಿಯಂ ಬಿಳಿ ಕೊಡುತ್ತಾರೆ. ಅದು ಚೂರು ಹೆಚ್ಚಾದರೂ ಕೆನ್ನೆ ಸುಣ್ಣ ಬಳಿದ ಗೋಡೆ. ಹುಡುಗಿಯ ಮುಂಡಾಸಿಗೆ ತಾವು ಲಾಪಿಸ್ ಲಾಜುಲಿ ಕಲ್ಲನ್ನೇ ಅರೆಸಿದಿರಿ, ಸಾಲ ಕೊಟ್ಟವರ ಗಮನಕ್ಕೆ. ನಮ್ಮದು ಕಾರ್ಖಾನೆಯ ನೀಲಿ.

ನನ್ನ ಮುಖ್ಯ ತಕರಾರು ಮೂಗು. ಮೂಗಿನ ದಿಂಡು ಎಲ್ಲಿ ಮುಗಿಯಿತು, ಆಚೆಯ ಕೆನ್ನೆ ಎಲ್ಲಿ ಶುರುವಾಯಿತು ಎಂದು ತಾವು ಬರೆದೇ ಇಲ್ಲ. ಎರಡನ್ನೂ ಒಂದೇ ಬಣ್ಣದಲ್ಲಿ ಸೇರಿಸಿ, ಗೆರೆ ಕಾಣುವ ಕೆಲಸವನ್ನು ನೋಡುವವರ ಕಣ್ಣಿಗೆ ವಹಿಸಿದ್ದೀರಿ. ಕಲಿಯುವವನು ಅಲ್ಲೊಂದು ಗೆರೆ ಎಳೆದನೋ, ಮೂಗು ಅಂಟಿಸಿದಂತೆ ಎದ್ದು ನಿಲ್ಲುತ್ತದೆ. ಎಳೆಯದೆ ಬಿಡೋಣವೆಂದರೆ ಕೈ ಕೇಳಬೇಕಲ್ಲ! ಓಲೆಯದೂ ಅದೇ ಕಥೆ. ಕೊಂಡಿಯಿಲ್ಲ, ಅಂಚಿಲ್ಲ. ಮೇಲೊಂದು ದಪ್ಪ ಬಿಳಿ, ಕೆಳಗೆ ಬಿಳಿ ಕಾಲರಿನ ಮಸುಕು ಪ್ರತಿಬಿಂಬ, ಅಷ್ಟೇ. ಯಾವ ಅಕ್ಕಸಾಲಿಯೂ ಇದನ್ನು ಒಡವೆ ಎಂದು ಒಪ್ಪಲಾರ. ಏನು ಬರೆಯಬೇಕೆಂದು ಹೇಳಿಕೊಡುವ ಮೇಷ್ಟ್ರಿಗೆ ಫೀಸು ಕೊಡಬಹುದು. ಏನು ಬರೆಯಬಾರದೆಂದು ಕಲಿಸುವವರಿಗೆ ಯಾವ ಲೆಕ್ಕದಲ್ಲಿ ಕೊಡುವುದು?

ಮನೆಗೆ ಬಂದ ನೆಂಟರು ಕ್ಯಾನ್ವಾಸ್ ನೋಡಿ "ಹುಡುಗಿ ಯಾವ ಕಡೆಯವಳು?" ಎಂದರು. ಉತ್ತರ ತಮ್ಮಲ್ಲೂ ಇಲ್ಲ. ಅದು ಯಾರದೋ ಭಾವಚಿತ್ರವಲ್ಲ. ಡಚ್ಚರು ಟ್ರೋನಿ ಎನ್ನುತ್ತಿದ್ದ, ಹೆಸರು ಬೇಕಿಲ್ಲದ ಮುಖಗಳ ಜಾತಿ. ಭಾವಚಿತ್ರ ಕಲಿಯಲು ಬಂದವರಿಗೆ ಭಾವಚಿತ್ರವೇ ಅಲ್ಲದ್ದನ್ನು ಒಪ್ಪಿಸಿದ್ದೀರಿ!

ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಕೂತು ನಕಲು ಮಾಡುವವರು ಮೂಲದ ಅಳತೆಯಲ್ಲೇ ಮಾಡುವಂತಿಲ್ಲ, ಮೋಸವಾದೀತೆಂಬ ಭಯ. 44.5 ಸೆಂಟಿಮೀಟರ್ ಎತ್ತರ, 39 ಅಗಲ, ನಾನು ಮಾತ್ರ ತಮ್ಮ ಅಳತೆಯಲ್ಲೇ ಮಾಡಿದ್ದೇನೆ. ಮಾರಿತ್ಸ್‌ಹೌಸ್‌ನವರು ನಿಶ್ಚಿಂತೆಯಿಂದಿರಲಿ.

ಇನ್ನು ಗುರುದಕ್ಷಿಣೆ. ತಮ್ಮ ಕಾಲದವರೇ ಆದ ರೆಂಬ್ರಾಂಟ್ ಶಿಷ್ಯರಿಂದ ವರ್ಷಕ್ಕೆ 100 ಗಿಲ್ಡರ್ ವಸೂಲು ಮಾಡುತ್ತಿದ್ದರಂತೆ. ಅಷ್ಟು ಕೇಳಬೇಡಿ. 1881ರಲ್ಲಿ ಹೇಗ್‌ನ ಹರಾಜಿನಲ್ಲಿ ತಮ್ಮ ಇದೇ ಹುಡುಗಿ ಹೋದದ್ದು 2 ಗಿಲ್ಡರ್‌ಗೆ, ಮೇಲೆ 30 ಸೆಂಟ್ ಕಮಿಷನ್. ಅಷ್ಟನ್ನೇ ಕಳಿಸುತ್ತೇನೆ, ದಯವಿಟ್ಟು ರಸೀದಿ ಕೊಡಿ.

ಇತಿ ತಮ್ಮ ವಿಧೇಯ,
ಒಬ್ಬ ನಕಲುಗಾರ