ನಷ್ಟ ಸೊನ್ನೆ

ನಮ್ಮ ಬಂಡ್ರಿಯಲ್ಲಿ ಮೆಕ್ಕೆಜೋಳ ಬೆಳೆಯುವ ಯಾರ ಬಾಯಲ್ಲೂ ‘ನಷ್ಟ ಸೊನ್ನೆ’ ಎಂಬ ಮಾತು ಕೇಳಿದ ನೆನಪು ನನಗಿಲ್ಲ. ಹಾಗಾಗಿ ಮೊನ್ನೆ ನನ್ನ ಲ್ಯಾಪ್‌ಟಾಪೇ ಅದನ್ನು ಬರೆದು ತೋರಿಸಿದಾಗ ಹಿಗ್ಗಿ ಹೀರೇಕಾಯಿಯಾದೆ.

ಹೊಸಪೇಟೆಗೆ ಹೋಗಿಬಂದ ಮರುದಿನದಿಂದ ಅದರಲ್ಲಿ ನೆಟ್ ಇಲ್ಲ. “ನನ್ನ ಫೋನಾಗ ವೈಫೈ ಬರ್ತೈತಲ್ರೀ” ಅಂದಳು ಹೆಂಡತಿ. ಹೆಂಗಸರ ಮಾತು ಪುರಾವೆ ಅಲ್ಲವೆಂದು ಸಹಾಯವಾಣಿಗೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗ ಕಮಾಂಡ್ ಪ್ರಾಂಪ್ಟ್ ತೆಗೆಸಿ ‘ಪಿಂಗ್ 8.8.8.8’ ಹೊಡೆಸಿದ.

ಪಿಂಗ್ ಅಂದರೆ ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದ ಪುಟ್ಟ ಪ್ರೋಗ್ರಾಂ. ಹೆಸರು ಸಬ್‌ಮೆರೀನಿನ ಸೋನಾರ್ ಸದ್ದಿನದು. ಸಂಡೂರು ಗುಡ್ಡಕ್ಕೆ ಮುಖಮಾಡಿ ‘ಓ’ ಅಂತ ಕೂಗಿದಂಗೆ. ತಿರುಗಿ ‘ಓ’ ಬಂದರೆ ದಾರಿ ಸರಿ ಇದೆ.

ನನಗೆ ನಾಲ್ಕು ‘ರಿಪ್ಲೈ’ ಬಂದವು. ಕೆಳಗೆ ಲೆಕ್ಕ: ಕಳಿಸಿದ್ದು 4, ಬಂದದ್ದು 4, ನಷ್ಟ ಸೊನ್ನೆ.

“ನಮ್ಮ ಕಡೆ ಎಲ್ಲಾ ಬರೋಬ್ಬರಿ ಐತಪ್ಪ, ನಿಮ್ಮ ಕಡೆ ನೋಡ್ಕೊಳ್ರಿ.”

ಹುಡುಗ ತಾಳ್ಮೆಯವನು. ‘ಐಪಿಕಾನ್ಫಿಗ್ ಆಲ್’ ಕೊಟ್ಟು, ಬಾಣದ ಗುರುತು ಹಾಕಿ ಫೈಲಿಗೆ ಇಳಿಸಿ ಮೇಲ್ ಮಾಡಿ ಅಂದ. ಬಾಣ ಹಾಕಿದರೆ ಎಲ್ಲವೂ ಫೈಲಿಗೆ ಹೋಗಿ ಪರದೆ ಮುಗುಮ್ಮಾಗಿರುತ್ತದೆ. ನಾನು ಆಗಲಿಲ್ಲವೇನೋ ಅಂತ ಐದು ಸಲ ಹೊಡೆದೆ. ಆಮೇಲೆ ಹೊಳೆಯಿತು, ನೆಟ್ ಇಲ್ಲ ಅನ್ನುವ ಫೈಲನ್ನು ನೆಟ್‌ನಲ್ಲೇ ಕಳಿಸಬೇಕು!

“ಹಂಗಾದ್ರೆ ಓದಿ ಹೇಳಿ ಸರ್.”

ಫಿಸಿಕಲ್ ಅಡ್ರೆಸ್ ಬಂತು. ಹನ್ನೆರಡು ಅಕ್ಷರ, ಅಂಕಿ ಬಿಟ್ಟರೆ ಎಯಿಂದ ಎಫ್ ತನಕ ಮಾತ್ರ. “ಬಿ ಫಾರ್ ಬಂಡ್ರಿ, ಸಿ ಫಾರ್ ಚೋರನೂರು, ಡಿ ಫಾರ್ ದರೋಜಿ” ಅಂತ ಬಸ್ ಕಂಡಕ್ಟರನ ಹಾಗೆ ಹೊರಟವನು ‘ಇ’ಗೆ ಎಡವಿದೆ. ಈರುಳ್ಳಿ ಅನ್ನಬೇಕಿತ್ತು, ನಮ್ಮ ಬಾಯಿಗೆ ಬರುವುದು ಉಳ್ಳಾಗಡ್ಡಿ. ಹುಡುಗ ‘ಯು’ ಬರೆದುಕೊಂಡ. ‘ಎಫ್’ಗೆ ಊರೇ ಸಿಗದೆ “ಫಳಾರ” ಅಂದೆ. “ಸರ್, ಅದು ಪಿ ಅಲ್ವಾ?” ಅಂದ.

ಆಮೇಲೆ ಮೆಲ್ಲಗೆ, “ಡಿಎಚ್‌ಸಿಪಿ ಎನೇಬಲ್ಡ್ ಮುಂದೆ ಏನಿದೆ?”

“ನೋ.”

“ಐಪಿವಿ4 ಅಡ್ರೆಸ್?”

“192.168.1.50.”

“ಆಗ್ಲೇ ಆ ನಾಲ್ಕು ರಿಪ್ಲೈ ಯಾವ ಅಡ್ರೆಸ್‌ನಿಂದ ಬಂತು ಸರ್?”

ಮೇಲೆ ಹೋಗಿ ನೋಡಿದೆ. 192.168.1.50. ಸಾಲಿನ ಬಾಲದಲ್ಲಿ ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’. ಅಂದರೆ ‘ಅಲ್ಲಿಗೆ ಹೋಗಾಕಾಗವಲ್ದು’ ಅಂತ ನನ್ನ ಲ್ಯಾಪ್‌ಟಾಪೇ ನನಗೆ ನಾಲ್ಕು ಸಲ ಹೇಳಿತ್ತು. ವಿಂಡೋಸ್ ಅದನ್ನೂ ಬಂದ ಉತ್ತರವೆಂದೇ ಜಮಾ ಮಾಡಿತ್ತು.

ಹೊಸಪೇಟೆಯಲ್ಲಿ ತಮ್ಮನ ಪ್ರಿಂಟರ್ ಹತ್ತಲಿಲ್ಲವೆಂದು, ಯಾವುದೋ ವಿಡಿಯೋ ನೋಡಿ, ರೂಟರಿನಿಂದ ತಾನೇ ವಿಳಾಸ ಪಡೆಯುವ ಡಿಎಚ್‌ಸಿಪಿ ಬಂದ್ ಮಾಡಿ, ಆ ವಿಳಾಸವನ್ನು ಕೈಯಾರೆ ಕೂರಿಸಿದ್ದವನು ನಾನೇ. ನಮ್ಮ ಮನೆ ರೂಟರ್ 192.168.29ರ ಮನೆತನದ್ದು. ಪಾಪ, ಲ್ಯಾಪ್‌ಟಾಪ್ ಹೊಸಪೇಟೆ ವಿಳಾಸ ಹಿಡಿದುಕೊಂಡು ಬಂಡ್ರಿಯಲ್ಲಿ ಕೂತಿತ್ತು.

‘ಆಟೋಮ್ಯಾಟಿಕ್’ ಒತ್ತಿದೆ. ನೆಟ್ ಬಂತು.

“ಏನಾಗಿತ್ತಂತ್ರೀ?” ಅಂದಳು ಹೆಂಡತಿ.

“ಕಂಪನಿಯೋರ ತಪ್ಪು. ನಾನೇ ಹುಡುಕಿಕೊಟ್ಟೆ.”

ಟೇಬಲ್ ಮೇಲಿಂದ ಒಂದು ಕೆಮ್ಮು ಕೇಳಿಸಿತು. ಫೋನ್ ಇನ್ನೂ ಸ್ಪೀಕರಿನಲ್ಲೇ ಇತ್ತು.