ಸೋತದ್ದು ಬೆರಳು, ಸರ್ವರ್ ಅಲ್ಲ

ಸರ್ಕಾರದ ಲೆಕ್ಕದಲ್ಲಿ ಯಾವ ತಂತ್ರಾಂಶವೂ ಈವರೆಗೆ ಸೋತಿಲ್ಲ. ಸೋತಿರುವುದು ಜನರ ಬೆರಳು. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದೂ ತೆಗೆದೂ ಗೆರೆ ಸವೆದ ಹೆಬ್ಬೆಟ್ಟನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಒಪ್ಪದಿದ್ದರೆ ತಪ್ಪು ಯಾರದು? ದುಡಿದವಳದೇ! ಬೆರಳು ಒಪ್ಪಿಗೆಯಾದ ದಿನ ಇನ್ನೊಂದು ಉತ್ತರ ಕಾದಿರುತ್ತದೆ: “ಸರ್ವರ್ ಇಲ್ಲ ಕನವ್ವ, ನಾಳ ಬಾ.”

ಗೆದ್ದದ್ದೂ ಉಂಟು, ಇಲ್ಲವೆನ್ನಲಾಗದು. ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ 15 ರೂಪಾಯಿಗೆ ಕೈಗಿತ್ತಿತು. ಖಾತೆ ಬದಲಾವಣೆಗೆ ಮೊದಲು ಬಂದವರಿಗೆ ಮೊದಲು ಎಂಬ ನಿಯಮ ತಂದಿತು. ಕೈಬರಹದ ಪಹಣಿ ರದ್ದಾಯಿತು. ಕೈಬರಹದ ತಪ್ಪು ಮಾತ್ರ ರದ್ದಾಗಲಿಲ್ಲ. ಅಜ್ಜನ ಹೆಸರಿನಲ್ಲಿ ಹಿಂದೆ ಬಿಟ್ಟುಹೋದ ಒತ್ತಕ್ಷರ ಈಗ ಅಚ್ಚುಕಟ್ಟಾಗಿ ಮುದ್ರಣಗೊಂಡು ಬರುತ್ತದೆ. ಆಧಾರಿಗೂ ಪಹಣಿಗೂ ಹೆಸರು ತಾಳೆಯಾಗದಿದ್ದರೆ ಮೊಮ್ಮಗ ನಂಜನಗೂಡಿನ ತಾಲ್ಲೂಕು ಕಚೇರಿಗೆ ಬಸ್ಸು ಹತ್ತಬೇಕು.

ಅಭಿವೃದ್ಧಿಶೀಲ ದೇಶಗಳ ಇ-ಆಡಳಿತ ಯೋಜನೆಗಳಲ್ಲಿ 100ಕ್ಕೆ 35 ಪೂರ್ತಿ ಸೋಲು, 50 ಅರೆಸೋಲು ಎಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಿಚರ್ಡ್ ಹೀಕ್ಸ್ 2003ರಲ್ಲಿ ಅಂದಾಜಿಸಿದ್ದರು. ಕಚೇರಿಯಲ್ಲಿ ಕೂತವರ ಕಲ್ಪನೆಗೂ ನೆಲದ ವಾಸ್ತವಕ್ಕೂ ನಡುವಿನ ಅಂತರವೇ ಕಾರಣವೆಂದರು. ಪಾಪ, ಅವರಿಗೆ ನಮ್ಮ ಪದ್ಧತಿ ತಿಳಿಯದು. ಇಲ್ಲಿ ಟೇಪು ಕತ್ತರಿಸಿದ ದಿನವೇ ಯೋಜನೆ ಗೆದ್ದಿರುತ್ತದೆ; ಕೆಟ್ಟರೆ 2.0 ಬರುತ್ತದೆ. ಆಸ್ತಿ ನೋಂದಣಿಯ ‘ಕಾವೇರಿ 2.0’ 2025ರ ಫೆಬ್ರುವರಿಯಲ್ಲಿ ಕೈಕೊಟ್ಟಾಗ ಅದು ಸೈಬರ್ ದಾಳಿ ಎಂದಿತು ಸರ್ಕಾರ. ಸರಿ, ಬಾಗಿಲು ಮುಚ್ಚಿಸಿದವರು ಯಾರೋ ಹೊರಗಿನವರು. ಹಿಂಬಾಗಿಲನ್ನೇ ಇಡದೆ ಮನೆ ಕಟ್ಟಿದವರು?

ಮಗ್ಗದಲ್ಲಿ ಎಳೆ ಕಡಿದರೆ ನೇಯುವವರೇ ಅಲ್ಲೇ ಗಂಟು ಹಾಕುತ್ತಾರೆ. ತಂತ್ರಾಂಶದಲ್ಲಿ ಕಡಿದದ್ದು ಕಾಣುವುದು ಗ್ರಾಮ ಆಡಳಿತಾಧಿಕಾರಿಗೆ, ಗಂಟು ಹಾಕುವ ಅಧಿಕಾರ ಇರುವುದು ಬೆಂಗಳೂರಿಗೆ. ಅಲ್ಲಿ ತೆರೆಯ ಮೇಲೆ ಎಲ್ಲವೂ ಹಸಿರು. ಮದ್ದು ಕಠಿಣವೇನಲ್ಲ. ತಪ್ಪು ಕಂಡಲ್ಲೇ ತಿದ್ದುವ ಹಕ್ಕು ಕೊಡಿ, ಯಾರು ತಿದ್ದಿದರೆಂಬ ದಾಖಲೆ ಉಳಿಯಲಿ. ಸರ್ವರ್ ಮಲಗಿದ ದಿನ ಕಾಗದದ ರಸೀದಿಗೂ ಬೆಲೆಯಿರಲಿ. ರೂಪಿಸುವ ಮುನ್ನ ಕೌಂಟರಿನ ಎರಡೂ ಬದಿಯವರನ್ನು ಕೇಳಿ.

ಇಷ್ಟೂ ಆಗದಿದ್ದರೆ ಒಂದೇ ಒಂದು ಆದೇಶ ಸಾಕು: ಅಧಿಕಾರಿಗಳ ಸಂಬಳವೂ ಸವೆದ ಬೆರಳು, ಕಾಣೆಯಾದ ಒತ್ತಕ್ಷರ, ಇಲ್ಲದ ಸರ್ವರ್ ಇವೇ ಮೂರು ಬಾಗಿಲು ದಾಟಿ ಬರಲಿ. ಎರಡನೇ ತಿಂಗಳಿಗೆ ದುರಸ್ತಿ ಮುಗಿದಿರುತ್ತದೆ, ಟೆಂಡರೂ ಇಲ್ಲದೆ.