ನೂರಕ್ಕೆ ನೂರೆಂಟು

ಇಂಗ್ಲೆಂಡಿನಲ್ಲಿ ಬಾಡಿಗೆ ದುಬಾರಿ, ಬಸ್ಸು ದುಬಾರಿ, ಒಂದು ಹಿಡಿ ಕರಿಬೇವು ದುಬಾರಿ. ಇದೆಲ್ಲ ಹೋಗುವ ಮೊದಲೇ ಗೊತ್ತಿತ್ತು. ಅಂಕ ಇವೆಲ್ಲಕ್ಕಿಂತ ದುಬಾರಿ ಅನ್ನುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಶಿಕ್ಷಣ ಮೇಳ ನಡೆಸಿ, ಕೈಗೊಂದು ಬಟ್ಟೆ ಚೀಲ, ಪೆನ್ನು ಮತ್ತು ಬಿಸ್ಕತ್ತು ಕೊಟ್ಟ ಏಜೆಂಟರು "ಒಂದೇ ವರ್ಷಕ್ಕೆ ಮಾಸ್ಟರ್ಸ್ ಮುಗಿದುಹೋಗುತ್ತೆ ಮೇಡಂ" ಎಂದಿದ್ದರು. ಅದರ ಜೊತೆಗೆ ಇನ್ನೂ ಏನೇನು ಮುಗಿಯುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

2023ರಲ್ಲಿ ನಾನು ಹೊರಟಾಗ, ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚನ್ನು 28 ದಿನ ಬ್ಯಾಂಕಿನಲ್ಲಿ ಅಲುಗದಂತೆ ಇಟ್ಟು ತೋರಿಸಬೇಕಿತ್ತು. ನನ್ನ ಅಪ್ಪ ತಿಪಟೂರಿನ ನಿವೃತ್ತ ಗಣಿತದ ಮೇಷ್ಟ್ರು. ಆ 28 ದಿನ ಅವರು ಎಟಿಎಂ ಇರುವ ಬೀದಿಯಲ್ಲೇ ಓಡಾಡಲಿಲ್ಲ. ಎದೆಯ ಎಕ್ಸ್‌ರೇ ತೆಗೆಸಿ ಕ್ಷಯ ಇಲ್ಲವೆಂದು ಸರ್ಟಿಫಿಕೇಟು ತಂದೆ. ಇನ್ನೂ ಬರದ ಕಾಯಿಲೆಗಳಿಗೆ ವರ್ಷಕ್ಕೆ 470 ಪೌಂಡಿನಂತೆ ಮುಂಗಡ ಕಟ್ಟಿದೆ. ಫೀಸಿನ ಸಾಲಕ್ಕೆ ತೆಂಗಿನ ತೋಟದ ಪತ್ರ ಬ್ಯಾಂಕಿಗೆ ಹೋಯಿತು. ನಾನು ವಿಮಾನ ಹತ್ತಿದೆ.

ಊರು ಲೀಡ್ಸ್. ಅಲ್ಲೂ ಒಂದು ಹೈಡ್ ಪಾರ್ಕ್ ಇದೆ. ಕೆಂಪಿಟ್ಟಿಗೆಯ ಸಾಲುಮನೆಗಳಲ್ಲಿ ವಿದ್ಯಾರ್ಥಿಗಳು ಕಿಕ್ಕಿರಿದಿರುವ ಬಡಾವಣೆ. ಅಪ್ಪ ಎಲ್ಲರಿಗೂ "ಮಗಳು ಹೈಡ್ ಪಾರ್ಕ್‌ನಲ್ಲಿ ಮನೆ ಮಾಡಿದಾಳೆ" ಎಂದಷ್ಟೇ ಹೇಳಿ ಮಿಕ್ಕಿದ್ದನ್ನು ಕೇಳಿದವರ ಕಲ್ಪನೆಗೆ ಬಿಟ್ಟರು. ಇದೇ ಲೀಡ್ಸ್‌ನ ಕರ್ಕ್‌ಗೇಟ್ ಮಾರುಕಟ್ಟೆಯಲ್ಲಿ 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬ ವಲಸಿಗ ಒಂದು ಅಂಗಡಿ ಇಟ್ಟ. ಬೆಲೆ ಕೇಳಬೇಡಿ, ಎಲ್ಲ ಒಂದು ಪೆನ್ನಿ ಎಂಬುದು ಅವನ ವ್ಯಾಪಾರದ ಮಂತ್ರ. ಅದೇ ಮುಂದೆ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಆಯಿತು. ಚೌಕಾಸಿಯೇ ಬೇಡ ಎಂದು ತೀರ್ಮಾನಿಸಿದ ಮಾರ್ಕ್ಸ್‌ನ ಊರಿನಲ್ಲಿ ನಾನು ಮಾರ್ಕ್ಸಿಗಾಗಿ ಚೌಕಾಸಿಗೆ ಇಳಿದದ್ದೇ ಈ ಪುರಾಣದ ಕಥಾಭಾಗ.

ನನ್ನ ಮೊದಲ ಪ್ರಬಂಧಕ್ಕೆ 58 ಬಂತು.

ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611 ತೆಗೆದವಳು ನಾನು. ಅಮ್ಮ ನನ್ನ ಬಾಯಿಗೆ ಪೇಡ ತುರುಕುತ್ತಿರುವ ಫೋಟೊ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಿತ್ತು. ಸಂಘದವರು ಪ್ರತಿಭಾ ಪುರಸ್ಕಾರ ಕೊಟ್ಟಿದ್ದರು; ಶಾಲು, ಹಾರ, ತಲೆಗೆ ಎರಡು ಸೈಜು ದೊಡ್ಡದಾದ ಮೈಸೂರು ಪೇಟ. ಅಂಥ ತಲೆಗೆ 58.

ಅಪ್ಪನಿಗೆ ಫೋನು ಮಾಡಿದೆ.

"ಎಷ್ಟಕ್ಕೆ?"

"ನೂರಕ್ಕೆ, ಅಪ್ಪ."

ಆ ಕಡೆ ಕುಕ್ಕರು ಕೂಗಿ ನಿಲ್ಲುವಷ್ಟು ಹೊತ್ತು ಮೌನ. ಆಮೇಲೆ, "ಅಲ್ಲಿ ಪಾಸಿಗೆಷ್ಟು?"

"50."

"ನಮ್ಮಲ್ಲಿ 35. ಅಂದ್ರೆ ಐವತ್ತೆಂಟು ಇಂಟು ಮೂವತ್ತೈದು ಬೈ ಐವತ್ತು..." ಕಾಗದ, ಪೆನ್ನು ಇಲ್ಲದೆಯೇ ಉತ್ತರ ಬಂತು. "ನಲವತ್ತು ಪಾಯಿಂಟ್ ಆರು ಕಣಮ್ಮ. ನಮ್ಮೂರ ಲೆಕ್ಕದಲ್ಲಿ ಅಂಚು ಹಿಡ್ಕೊಂಡು ದಾಟಿದೀಯ."

"ಊಟ ಮಾಡಿದ್ಳಾ ಕೇಳಿ" ಎಂದು ಹಿಂದಿನಿಂದ ಅಮ್ಮ.

"ತಡಿಯೇ. ಅಲ್ಲ ಪುಟ್ಟಿ, ಫೀಸು ನೂರಕ್ಕೆ ನೂರು ಕಟ್ಟಿಸ್ಕೊಂಡಿಲ್ವಾ ಅವ್ರು? ಬಿಡ್ಬೇಡ. ಆನ್ಸರ್ ಶೀಟಿನ ಜೆರಾಕ್ಸ್ ತೆಗೆಸು, ರೀವ್ಯಾಲ್ಯುಯೇಷನ್‌ಗೆ ಹಾಕು. ಅನಂತಮೂರ್ತಿ ಅಲ್ಲೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿ ಮಾಡ್ತಾ ಮಾಡ್ತಾ 'ಸಂಸ್ಕಾರ' ಬರೆದ್ರು. ನಿನ್ ಕೈಲಿ ಒಂದು ಎಸ್ಸೇ ಬರೆಯಕ್ಕಾಗಲ್ವಾ?"

ಅಲ್ಲಿ ರೀವ್ಯಾಲ್ಯುಯೇಷನ್ ಇಲ್ಲ. ಪರೀಕ್ಷಕರ ವಿದ್ವತ್ತಿನ ತೀರ್ಮಾನವನ್ನು ಪ್ರಶ್ನಿಸುವ ಹಾಗಿಲ್ಲ ಎಂದು ನಿಯಮ. ಆದರೆ 'ಆಫೀಸ್ ಅವರ್' ಇದೆ. ವಾರಕ್ಕೊಮ್ಮೆ ಮೇಷ್ಟ್ರು ಕೋಣೆಯ ಬಾಗಿಲು ತೆರೆದು ಕೂತಿರುತ್ತಾರೆ, ಯಾರು ಬೇಕಾದರೂ ಹೋಗಬಹುದು. ನಾನು "ರೆಸ್ಪೆಕ್ಟೆಡ್ ಸರ್" ಎಂದು ಶುರುಮಾಡಿ "ಯುವರ್ಸ್ ಒಬಿಡಿಯೆಂಟ್ಲಿ" ಎಂದು ಮುಗಿಸಿದ ಇಮೇಲ್ ಕಳಿಸಿದೆ. ಹೆಸರು ಹಿಡಿದೇ ಕರೆಯಿರಿ ಎಂದು ಅವರು ಮೊದಲ ದಿನವೇ ಹೇಳಿದ್ದರು. ತಿಪಟೂರಿನಲ್ಲಿ ಬೆಳೆದ ನಾಲಗೆಗೆ ಅದು ಆಗದ ಮಾತು.

ಬರಿಗೈಲಿ ಹೋಗಲಿಲ್ಲ. ಹಿಂದಿನ ರಾತ್ರಿ ಒಂದು ಅಂಕಪಟ್ಟಿ ತಯಾರಿಸಿದ್ದೆ. ಪೀಠಿಕೆಗೆ 10, ವಿಷಯ ನಿರೂಪಣೆಗೆ 50, ಉಪಸಂಹಾರಕ್ಕೆ 10, ಉಲ್ಲೇಖಗಳಿಗೆ 20, ಅಚ್ಚುಕಟ್ಟಿಗೆ 5, ಅಡಿಗೆರೆಗೆ 5. ಆಮೇಲೆ ನನ್ನ ಪ್ರಬಂಧವನ್ನು ನಾನೇ ಕಟ್ಟುನಿಟ್ಟಾಗಿ ತಿದ್ದಿದ್ದೆ. ನಿರೂಪಣೆಯಲ್ಲಿ 3, ಉಪಸಂಹಾರದಲ್ಲಿ 2, ಉಲ್ಲೇಖದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದದ್ದಕ್ಕೆ 1 ಕಳೆದು, ಪಕ್ಷಪಾತವಿಲ್ಲದೆ 94 ಕೊಟ್ಟಿದ್ದೆ.

ಡಿಸೆಂಬರಿನ ಮಧ್ಯಾಹ್ನ ಮೂರೂವರೆಗೇ ಕಿಟಕಿಯಾಚೆ ಕತ್ತಲು ಕವಿಯುತ್ತಿತ್ತು. ಕೋಣೆಯಲ್ಲಿ ಗೋಡೆಗೊರಗಿದ ಒಂದು ಸೈಕಲ್ಲು, ಒಂದು ಕೆಟಲ್, ಕುರ್ಚಿಯೂ ಸೇರಿದಂತೆ ಎಲ್ಲದರ ಮೇಲೂ ಪುಸ್ತಕ. ಮೇಷ್ಟ್ರು ಒಂದು ಕುರ್ಚಿಯ ಪುಸ್ತಕಗಳನ್ನು ಇನ್ನೊಂದಕ್ಕೆ ವರ್ಗಾಯಿಸಿ ನನ್ನನ್ನು ಕೂರಿಸಿದರು.

"ಸರ್, 42 ಅಂಕ ಎಲ್ಲೆಲ್ಲಿ ಕಳೆದಿರಿ ಎಂದು ತೋರಿಸಿದರೆ ಸಾಕು."

"ನಾನು ಏನನ್ನೂ ಕಳೆದಿಲ್ಲ."

"ನೂರರಲ್ಲಿ 58 ಹೋದರೆ 42, ಸರ್."

ಅವರು ಮೇಜಿನ ಮೇಲಿದ್ದ ನನ್ನ ಪ್ರಬಂಧದ ಪ್ರತಿಯನ್ನು ಎತ್ತಿದರು, ಹಿಂದೆ ಮುಂದೆ ತಿರುಗಿಸಿದರು. ಆ 42 ಎಲ್ಲಾದರೂ ಪಿನ್ನಿನ ಸಂದಿಯಲ್ಲಿ ಸಿಕ್ಕಿಕೊಂಡಿದೆಯೇನೋ ಎಂದು ನಾನೂ ಬಗ್ಗಿ ನೋಡಿದೆ. ಸೊನ್ನೆಯಿಂದ ಶುರುಮಾಡಿ ಮೇಲೆ ಹತ್ತಿಸಿಕೊಂಡು ಹೋಗುವುದು ತಮ್ಮ ಕ್ರಮ, 58ರ ಹತ್ತಿರ ಪ್ರಬಂಧವೇ ನಿಂತುಬಿಟ್ಟಿತು ಎಂದು ಅವರು ಬಹಳ ಮರ್ಯಾದೆಯಿಂದ ವಿವರಿಸಿದರು. ನಾನು ಅಷ್ಟೇ ಮರ್ಯಾದೆಯಿಂದ ನನ್ನ ಅಂಕಪಟ್ಟಿಯನ್ನು ಮುಂದಿಟ್ಟೆ.

ಓದುತ್ತ ಬಂದವರು ಕೊನೆಯ ಸಾಲಿನಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಈ 5 ಯಾತಕ್ಕೆ?"

"ಅಡಿಗೆರೆಗೆ, ಸರ್. ಪ್ರತಿ ಉಪಶೀರ್ಷಿಕೆಗೂ ಎಳೆದಿದ್ದೇನೆ."

"ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದಲ್ಲವೇ ಇದು?"

"ಹೌದು ಸರ್. ಅದಕ್ಕೇ 5. ಸ್ಕೇಲಿನಲ್ಲಿ ಎಳೆದಿದ್ದರೆ 10 ಕೊಡುತ್ತಿದ್ದೆ."

ಅವರು ನಗಲಿಲ್ಲ. ಆ ದೇಶದಲ್ಲಿ ಜನ ನಗಬೇಕಾದ ಕಡೆ ಹುಬ್ಬನ್ನಷ್ಟೇ ಸ್ವಲ್ಪ ಸರಿಸುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ನೂರಕ್ಕೆ ನೂರು ಬರುತ್ತದೆಯೇ ಎಂದು ಕೇಳಿದರು. ನನಗೆ ಹುರುಪು ಬಂತು. ನೂರಕ್ಕೆ ನೂರೇನು, 625ಕ್ಕೆ 625 ತೆಗೆಯುವವರಿದ್ದಾರೆ, ಮಂತ್ರಿಗಳು ಸಿಹಿ ತಿನ್ನಿಸುತ್ತಾರೆ ಎಂದೆ.

"ಇತಿಹಾಸದಲ್ಲೂ?"

"ಸಮಾಜ ವಿಜ್ಞಾನದಲ್ಲೂ, ಸರ್."

"ಅಷ್ಟು ಅಂಕ ಬರಬೇಕಾದರೆ ಏನು ಬರೆಯುತ್ತಾರೆ?"

"ಪುಸ್ತಕದಲ್ಲಿ ಇರುವುದನ್ನು, ಸರ್. ಒಂದಕ್ಷರ ಬಿಡದೆ."

"ಹಾಗಾದರೆ ಆ ನೂರು ಪುಸ್ತಕಕ್ಕೆ ಬಂದದ್ದು ಅಲ್ಲವೇ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇದು ಪುಸ್ತಕದಲ್ಲಿ ಇರಲಿಲ್ಲ. ತತ್ವ ಬಿಟ್ಟು ವ್ಯವಹಾರಕ್ಕೆ ಬಂದೆ. ಅಲ್ಲಿ 60 ದಾಟಿದರೆ ಮೆರಿಟ್, 70 ದಾಟಿದರೆ ಡಿಸ್ಟಿಂಕ್ಷನ್.

"ಎರಡೇ ಎರಡು ಅಂಕ, ಸರ್. ಅರವತ್ತಕ್ಕೆ ಮಾಡಿಕೊಡಿ."

ಮೇಷ್ಟ್ರು ಸಾವಧಾನವಾಗಿ ಅಲ್ಲಿನ ಏರ್ಪಾಡು ಹೇಳಿದರು. ತಿದ್ದುವಾಗ ಹೆಸರು ಕಾಣುವುದಿಲ್ಲ, ಬರೀ ನಂಬರು. ತಿದ್ದಿದ್ದನ್ನು ಇನ್ನೊಬ್ಬರು ನೋಡುತ್ತಾರೆ. ಅದರ ಮೇಲೆ ಬೇರೆ ವಿಶ್ವವಿದ್ಯಾಲಯದ ಪರೀಕ್ಷಕರೊಬ್ಬರು ಕೂತಿರುತ್ತಾರೆ. ನಾನು ತಲೆಯಾಡಿಸುತ್ತ ಕೇಳಿದೆ. ನಮ್ಮೂರ ಕೊಬ್ಬರಿ ಹರಾಜಿನಲ್ಲಿ ವರ್ತಕರು 'ರೇಟು ನಮ್ಮ ಕೈಲಿಲ್ಲ ಯಜಮಾನ್ರೇ' ಎನ್ನುವಾಗ ರೈತರು ತಲೆಯಾಡಿಸುವುದೂ ಹೀಗೆಯೇ. ನಂಬಿದ್ದೇವೆ ಎಂದು ಅದಕ್ಕೆ ಅರ್ಥವಲ್ಲ.

"ಒಂದಾದರೂ?"

ಅವರು ಎದ್ದು ಕೆಟಲ್ ಹಚ್ಚಿದರು. ನೀರು ಕುದಿಯುವವರೆಗೂ ಇಬ್ಬರೂ ಸೈಕಲ್ಲನ್ನು ನೋಡುತ್ತ ಕೂತೆವು. ಲೋಟಕ್ಕೆ ಟೀ ಬ್ಯಾಗು ಇಳಿಬಿಟ್ಟು, ಹಾಲು ಸುರಿದು, ಚಮಚ ಹಿಡಿದು ಕೇಳಿದರು: "ಎಷ್ಟು?"

"ಎರಡು, ಸರ್."

ಮರುಮಾತಿಲ್ಲದೆ ಎರಡು ಚಮಚ ಸಕ್ಕರೆ ಹಾಕಿಕೊಟ್ಟರು. ಲೀಡ್ಸ್ ನಗರದಲ್ಲಿ ಆ ಮಧ್ಯಾಹ್ನ ನಾನು ಕೇಳಿ ಪಡೆದದ್ದು ಅವೆರಡೇ.

ಹೊರಡುವಾಗ ಪ್ರಬಂಧದ ಅಂಚಿನಲ್ಲಿ ಅವರು ಬರೆದಿದ್ದ ಒಂದು ಸಾಲನ್ನು ಬೆರಳಿಟ್ಟು ತೋರಿಸಿದರು: ಇವೆಲ್ಲ ಅವರಿವರ ಮಾತು, ನೀವೇನು ಹೇಳುತ್ತೀರಿ? ಜೊತೆಗೆ, ಸಮಾಧಾನಕ್ಕೆಂಬಂತೆ, ಇಡೀ ತರಗತಿಗೆ ಅತಿ ಹೆಚ್ಚು ಬಂದದ್ದೇ 67 ಎಂದರು. ಮೊದಲನೆಯ ಮಾತನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಎರಡನೆಯದನ್ನು ಹಿಡಿದುಕೊಂಡು ಮನೆಗೆ ಓಡಿದೆ.

"ಅಪ್ಪ, ಇಲ್ಲಿ ಫಸ್ಟ್ ಬಂದವನಿಗೇ 67!"

"ಹೌದಾ?" ಗಣಿತದ ಮೇಷ್ಟ್ರು ಎದ್ದು ಕೂತದ್ದು ಫೋನಿನಲ್ಲೇ ಕೇಳಿಸಿತು. "ನಮ್ಮಲ್ಲಿ ಫಸ್ಟ್ ಬಂದೋರಿಗೆ ನೂರು. ನೂರು ಬೈ ಅರವತ್ತೇಳು... ಒಂದೂವರೆ ಪಟ್ಟು! ಐವತ್ತೆಂಟು ಇಂಟು ಒಂದೂವರೆ, ಎಂಬತ್ತೇಳು. ಲೇ, ಪುಟ್ಟಿಗೆ ಎಂಬತ್ತೇಳು ಕಣೇ!"

ಅಮ್ಮ ಕೇಸರಿಬಾತು ಮಾಡಿದಳು. ಪೌಂಡಿಗೆ ನೂರು ಚಿಲ್ಲರೆ ರೂಪಾಯಿ, ಅಂಕಕ್ಕೆ ಒಂದೂವರೆ: ಎರಡೂ ವಿನಿಮಯ ದರಗಳು ಅಂದಿನಿಂದ ನಮ್ಮ ಮನೆಯಲ್ಲಿ ಜಾರಿಗೆ ಬಂದವು. ಮುಂದಿನ ಪ್ರಬಂಧಗಳ ಅಂಕವನ್ನು ನಾನೇ ಗುಣಿಸಿ ಹೇಳತೊಡಗಿದೆ. ನೆಂಟರು ಮೆಚ್ಚಿದರು. ಫಾರಿನ್ನಿನಲ್ಲಿ ಓದು ಬಹಳ ಸಲೀಸಂತೆ, ದುಡ್ಡು ಕೊಟ್ಟರೆ ಅಂಕ ಕೊಡುತ್ತಾರಂತೆ ಎಂದು ಅವರಲ್ಲೇ ಕೆಲವರು ಬೆನ್ನ ಹಿಂದೆ ಆಡಿಕೊಂಡರು. ಆಡಿಕೊಂಡವರನ್ನೆಲ್ಲ ಆ ಸೈಕಲ್ಲಿನ ಕೋಣೆಯಲ್ಲಿ ಒಮ್ಮೆ ಕೂರಿಸಬೇಕು ಎಂದು ನನಗೆ ಈಗಲೂ ಆಸೆಯಿದೆ.

ಈ ದರ ಒಂದು ಕಡೆ ಮಾತ್ರ ಚಲಾವಣೆಯಾಗಲಿಲ್ಲ. ನನ್ನ ಪಕ್ಕದ ಕೋಣೆಯಲ್ಲಿ ವರಂಗಲ್ಲಿನ ಹುಡುಗಿಯೊಬ್ಬಳಿದ್ದಳು. ವೀಸಾ ಕೊಡುವ ವಾರಕ್ಕೆ 20 ಗಂಟೆಯ ಕೆಲಸವನ್ನು ವೃದ್ಧಾಶ್ರಮವೊಂದರ ರಾತ್ರಿ ಪಾಳಿಯಲ್ಲಿ ಮಾಡುತ್ತಿದ್ದಳು. ಯಾರದೋ ಅಜ್ಜಿಯನ್ನು ಮಗ್ಗುಲು ಬದಲಿಸಿ ಮಲಗಿಸಿ, ಯಾರದೋ ತಾತನ ಹಾಸಿಗೆ ತೊಳೆದು, ಬೆಳಗಿನ ಒಂಬತ್ತರ ತರಗತಿಗೆ ನೇರ ಬಂದು ಕೂರುವಳು. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದಳು. ಅವಳ ಮನೆಯಲ್ಲೂ ಜಮೀನಿನ ಪತ್ರ ಬ್ಯಾಂಕಿನಲ್ಲಿತ್ತು. ಅವಳಿಗೆ 47 ಬಂತು, ಫೇಲು. ಮತ್ತೆ ಬರೆದು ಎಷ್ಟೇ ಚೆನ್ನಾಗಿ ಮಾಡಿದರೂ 50ರ ಮೇಲೆ ಕೊಡುವುದಿಲ್ಲ ಎಂದರು. ನಮ್ಮಪ್ಪನ ಲೆಕ್ಕದಲ್ಲಿ ನಿನಗೆ 70.5 ಎಂದೆ. ಅವಳು ನಗಲಿಲ್ಲ, ಹುಬ್ಬೂ ಸರಿಸಲಿಲ್ಲ. ರಾತ್ರಿ ಪಾಳಿಗೆ ಇಂತಿಷ್ಟು ಎಂಬ ಸಾಲು ಮೇಷ್ಟರ ಅಂಕಪಟ್ಟಿಯಲ್ಲೂ ಇರಲಿಲ್ಲ, ಅಡಿಗೆರೆಗೆ 5 ಇಟ್ಟಿದ್ದ ನನ್ನದರಲ್ಲೂ ಇರಲಿಲ್ಲ. ಅವಳು ಎರಡನೆಯ ಸಲ ಬರೆದು ಪಾಸಾದಳು. ಆ 50 ಎಷ್ಟಕ್ಕೆ ಸಮ ಎಂದು ಗುಣಿಸುವ ಧೈರ್ಯ ನನಗೆ ಬರಲಿಲ್ಲ.

ಬೇಸಿಗೆಯಲ್ಲಿ ಡಿಸರ್ಟೇಷನ್. ಕೋಟಿನ ಜೇಬಿನಲ್ಲಿದ್ದ 'ನೀವೇನು ಹೇಳುತ್ತೀರಿ' ಎಂಬ ಪ್ರಶ್ನೆ ಚುಚ್ಚುತ್ತಲೇ ಇತ್ತು. ನನ್ನದು ಎಂದು ಹೇಳಿಕೊಳ್ಳಲು ನನಗೆ ಗೊತ್ತಿದ್ದದ್ದು ಕೊಬ್ಬರಿ ಒಂದೇ. ತಿಪಟೂರಿನ ಮಾರುಕಟ್ಟೆಯ ಬಗ್ಗೆ ಬರೆದೆ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಕೂರಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಚಿಪ್ಪಿಗೆ ಬಡಿದು ಲೊಟಲೊಟ ಎನ್ನಬೇಕು. ಅಷ್ಟು ಕಾದು ಇಳಿಸಿದವನಿಗೆ ಆ ವಾರದ ರೇಟೇ ಗತಿ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಹರಾಜು ಅದರ ಬಹಳ ಕೆಳಗೆ ನಡೆಯುತ್ತಿತ್ತು. ನಮ್ಮಪ್ಪ ಮೇಷ್ಟ್ರಾಗಿದ್ದಾಗಿನಿಂದಲೂ ಪ್ರತಿ ಹರಾಜಿನ ರೇಟನ್ನು ನೋಟುಬುಕ್ಕಿನಲ್ಲಿ ಬರೆದಿಡುವವರು. ಪುಟಪುಟವಾಗಿ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಒಂದೊಂದು ಪುಟದ ಮೂಲೆಯಲ್ಲೂ ಹಾಲಿನ ಲೆಕ್ಕ.

72 ಬಂತು. ಡಿಸ್ಟಿಂಕ್ಷನ್. ಮೇಷ್ಟ್ರು ಆ ನೋಟುಬುಕ್ಕನ್ನೇ ವಿಶೇಷವಾಗಿ ಹೊಗಳಿದ್ದರು. ಹಾಗಾಗಿ ಅರ್ಧ ಅಂಕ ತನ್ನದೆಂದು ಅಪ್ಪ ಹಕ್ಕು ಸಾಧಿಸಿದರು. ಆಮೇಲೆ ಅಭ್ಯಾಸದಂತೆ ಗುಣಿಸಿದರು. ಗುಣಿಸಿ ಸುಮ್ಮನಾದರು.

"ಏನಾಯ್ತಪ್ಪ?"

"ನೂರೆಂಟು ಬರುತ್ತೆ ಕಣಮ್ಮ."

"ನೂರಕ್ಕಾ?"

"ನೂರಕ್ಕೆ."

ಮಕ್ಕಳಿಗೆ ಜೀವಮಾನವಿಡೀ ಲೆಕ್ಕ ಹೇಳಿಕೊಟ್ಟವರು ಧರ್ಮಸಂಕಟಕ್ಕೆ ಬಿದ್ದರು. ದರ ಇಳಿಸೋಣವೆಂದರೆ ಹಳೆಯ 87 ಬಿದ್ದುಹೋಗುತ್ತದೆ, ತಿಂದ ಕೇಸರಿಬಾತು ಸುಳ್ಳಾಗುತ್ತದೆ. "ಅಷ್ಟೋತ್ತರದ ಸಂಖ್ಯೆ ರೀ, ಶುಭ, ಹಾಗೇ ಬಿಡಿ" ಎಂದಳು ಅಮ್ಮ. ಸಂಘದವರು ಆ ವರ್ಷವೂ ಪ್ರತಿಭಾ ಪುರಸ್ಕಾರಕ್ಕೆ ಅರ್ಜಿ ಕರೆದಿದ್ದರು, ಕನಿಷ್ಠ ಶೇ. 85 ಇರಬೇಕು. ಅಪ್ಪ ನೀಲಿ ಇಂಕಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಪಡೆದ ಅಂಕ ಶೇ. 108 ಎಂದು ತುಂಬಿದರು. ಕೆಳಗೆ ಸ್ಕೇಲಿಟ್ಟು ಅಡಿಗೆರೆ ಎಳೆದರು.

ಕಾರ್ಯದರ್ಶಿಗಳ ಫೋನು ಬಂತು. "ಮೇಷ್ಟ್ರೇ, ಇದು ಹೆಂಗೆ?"

"ಅದು ಇಂಗ್ಲೆಂಡಿನ ಲೆಕ್ಕ ಕಣಯ್ಯ. ಎಸ್ಸೆಸ್ಸೆಲ್ಸಿಯಲ್ಲಿ ನಿಂಗೆ ನಮ್ಮ ಲೆಕ್ಕಾನೇ ಹತ್ತಿರ್ಲಿಲ್ಲ, ಇದು ಹತ್ತುತ್ತಾ?" ಕಾರ್ಯದರ್ಶಿಗಳು ಅಪ್ಪನ ಹಳೆಯ ವಿದ್ಯಾರ್ಥಿ. ಅಲ್ಲಿಗೆ ವಿಚಾರಣೆ ಮುಗಿಯಿತು. ನನ್ನ ಪರವಾಗಿ ಶಾಲು, ಹಾರ, ಪೇಟಗಳನ್ನು ಅಪ್ಪನೇ ಸ್ವೀಕರಿಸಿದರು. ಈ ಸಲ ಪೇಟ ಸರಿಯಾಗಿ ಕೂತಿತ್ತಂತೆ.

ಸಂಘದ ಈ ವರ್ಷದ ಅರ್ಜಿ ನಮೂನೆ ಮೊನ್ನೆ ಬಂದಿದೆ. ಷರತ್ತುಗಳ ಪಟ್ಟಿಯ ಕೊನೆಗೆ ಹೊಸದೊಂದು ಸೇರಿದೆ: 'ಶೇ. 100ಕ್ಕೂ ಮೀರಿದ ಅಂಕಗಳನ್ನು ಪರಿಗಣಿಸಲಾಗುವುದಿಲ್ಲ.' ಇದು ಪ್ರತಿಭೆಗೆ ಮಾಡುವ ಅನ್ಯಾಯ ಎಂದು ಅಪ್ಪ ರೀವ್ಯಾಲ್ಯುಯೇಷನ್‌ಗೆ ಹಾಕಿದ್ದಾರೆ.